ಮೂರು ನಿಮಿಷ ಮುಂದೆ

ಗಂಟಲು ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು, ಜೊತೆಗೆ ಅವರ ಮಗಳು. ದನಿ ಒಡೆದುಹೋಗಿದ್ದರೂ ಗುರುತು ಸಿಕ್ಕಿತು. ಮೂವತ್ತೊಂದು ವರ್ಷ ನಮ್ಮೂರ ರೇಡಿಯೊದಲ್ಲಿ ಬೆಳಗಿನ ಹಾಡು ಹಾಕಿದವರು ಅವರೇ.

"ಸೋಮವಾರದಿಂದ ಮೈಕ್ ಮುಂದೆ ನೀನೇ ಕೂರ್ಬೇಕಮ್ಮ."

"ಕೂರ್ತೀನಪ್ಪ. ನೀವು ಮಾತಾಡ್ಬೇಡಿ."

"ಇದೊಂದು ಕೇಳ್ಬಿಡು. ಹಾಡಿನ ಮಧ್ಯೆ ಟೈಮ್ ಹೇಳುವಾಗ ಮೂರು ನಿಮಿಷ ಜಾಸ್ತಿ ಸೇರಿಸ್ಬೇಕು."

"ಸುಳ್ಳು ಟೈಮ್ ಹೇಳ್ಬೇಕಾ?"

"ಮೊದಲ್ನೇ ವರ್ಷ ಫ್ಯಾಕ್ಟರಿ ಹೆಣ್ಮಗಳೊಬ್ಬಳು ಸ್ಟೇಷನ್ನಿಗೇ ಬಂದು ಅತ್ಲು. ನಿಮ್ಮ ಹಾಡು ಕೇಳ್ತಾ ನಿಂತು ಏಳೂವರೆ ಬಸ್ ತಪ್ಪಿತು, ಹೋಗೋಷ್ಟರಲ್ಲಿ ಗೇಟು ಹಾಕಿದ್ರು ಅಂತ. ಅವತ್ತಿಂದ ಶುರು."

"ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ವಾ?"

"ಎಲ್ರೂ ತಮ್ಮ ಗಡಿಯಾರಾನೇ ನಿಧಾನ ಅಂದ್ಕೊಂಡ್ರು."

"ಮ್ಯಾನೇಜರ್ರು ಇನ್ಮೇಲೆ ಟೈಮ್ ಕಂಪ್ಯೂಟರೇ ಹೇಳ್ಲಿ ಅಂತಿದಾರಪ್ಪ."

"ನೀನೇನಂದೆ?"

"ನಿನ್ನೆ ಹೂಂ ಅಂದಿದ್ದೆ. ಇವತ್ತು ಹೋಗಿ ಆಗಲ್ಲ ಅಂತೀನಿ. ಟೈಮ್ ನಾನೇ ಹೇಳೋದು. ಒಪ್ಪಿದ್ರೆ ಕೂರ್ತೀನಿ, ಇಲ್ದಿದ್ರೆ ಅವರೇ ಬಂದು ಹಾಡು ಹಾಕ್ಕೊಳ್ಲಿ."

"ಈ ಹಟ ಯಾರಿಂದ ಬಂತೇ ನಿಂಗೆ?"

"ಬಾಯ್ಮುಚ್ಕೊಂಡಿರಿ ಅಂತ ಡಾಕ್ಟ್ರು ಹೇಳಿದ್ರೂ ಸುಮ್ಮನಿರದವರಿಂದ."

ಅಷ್ಟರಲ್ಲಿ ನರ್ಸ್ ಅವರ ನಂಬರು ಕೂಗಿದಳು. ಮಗಳು ಕೈ ಚಾಚಿದಳು. ಅವರು ಹಿಡಿಯದೆ ತಾವೇ ಎದ್ದು ಒಳಗೆ ನಡೆದರು.

ನಾನು ನನ್ನ ಕೈಗಡಿಯಾರ ನೋಡಿಕೊಂಡೆ. ನಿಧಾನ ಓಡುತ್ತದೆಂದು ಎರಡು ಸಲ ಅದನ್ನು ರಿಪೇರಿಗೆ ಕೊಟ್ಟಿದ್ದೆ.