ಮತ್ತೆ ಧಲೇಶ್ವರಿ

ಢಾಕಾದ ಬ್ಯಾಂಕಿನಲ್ಲಿ ಪಿಂಚಣಿಯ ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಮುಂದೆ ನಿಂತಿದ್ದ ವೃದ್ಧ ದಂಪತಿಯ ಮಾತು ಅವರ ಹಿಂದಿದ್ದ ರೋಕ್ಸಾನಾಳ ಕಿವಿಗೆ ಬೀಳುತ್ತಿತ್ತು. ಹೊರಗೆ ಹೊಸ ಬೋರ್ಡು ಏರುತ್ತಿತ್ತು.

“ಓದ್ರೀ ತುಹಿನ್‌ನ ಅಬ್ಬಾ, ಏನಂತ ಬರೆದಿದೆ?”

“ಕನ್ನಡಕ ತಂದಿಲ್ಲ ಕಣೆ.”

“ಧಲೇಶ್ವರಿ ಬ್ಯಾಂಕ್ ಅಂತ. ನಾನು ಕೆಲಸಕ್ಕೆ ಸೇರಿದ ಬ್ಯಾಂಕು.”

“ಎಪ್ಪತ್ತೆರಡರಲ್ಲಿ ನಮ್ಮ ಕರ್ಣಫುಲಿ ಬ್ಯಾಂಕು ನುಂಗಿತ್ತಲ್ಲ, ಅದೇನಾ?”

“ನುಂಗಿತ್ತಂತೆ. ಯುದ್ಧ ಮುಗಿದು ಮಾಲೀಕರು ಕರಾಚಿಗೆ ಓಡಿಹೋದ್ರು, ಸರ್ಕಾರ ನಮ್ಮನ್ನ ನಿಮಗೆ ಗಂಟುಹಾಕ್ತು. ಈಗ ಮೂರನೇ ಬ್ಯಾಂಕು ಬಂದು ಸೇರ್ತಲ್ಲ, ಹೆಸರು ಯಾವುದಿರ್ಲಿ ಅಂದ್ರೆ ಗಿರಾಕಿಗಳೆಲ್ಲ ನಮ್ಮ ಹಳೇ ಹೆಸರನ್ನೇ ಕೇಳಿದ್ರು.”

“ಆಯ್ತು ಬಿಡು.”

“ನುಂಗಿದವರು ಮೊದಲು ಅಂತ ಇಷ್ಟು ವರ್ಷ ಈ ಸಾಲಲ್ಲಿ ನನ್ನನ್ನ ನಿಮ್ಮ ಹಿಂದೆ ನಿಲ್ಲಿಸಿದ್ರಿ.”

ಮುದುಕ ಪಕ್ಕಕ್ಕೆ ಸರಿದ. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೌಂಟರಿನತ್ತ ನಡೆದಳು.

“ಬನ್ನಿ ಹಿಂದೆ. ಹೆದರ್ಬೇಡಿ, ನಾವು ನುಂಗಲ್ಲ.”