ನಾಲ್ಕು ಹತ್ತರ ಕೋರಿಕೆ

ಅದೇ — ನಿನ್ನೆ ಹನ್ನೊಂದನೆಯ ದಿನದ ಊಟದಲ್ಲಿ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದೆನಲ್ಲ, ಆ ನೋಟ್‌ಬುಕ್ಕಿನ ವಿಷಯ. ಕ್ಷಮಿಸಿ, ಮೊದಲು ನಮಸ್ಕಾರ ಹೇಳಬೇಕಿತ್ತು. ಮುರಳಿಯ ತಾಯಿ ಈಶ್ವರಮ್ಮನವರಿಗೆ, ಪತ್ನಿ ಲಾವಣ್ಯ ಅವರಿಗೆ, ಈ ಸಂತಾಪ ಸಭೆಗೆ ಬಂದಿರುವ ನಮ್ಮ ಬೊಮ್ಮಸಂದ್ರದ ಔಷಧ ಕಾರ್ಖಾನೆಯ ಎಲ್ಲರಿಗೂ — ಸ್ಟೋರ್ಸಿನ ಸೊಣ್ಣಪ್ಪನ ನಮಸ್ಕಾರ.

ಕಂಪ್ಯೂಟರ್ ವಿಭಾಗದ ಮುರಳಿ. ನಲವತ್ತೊಂದು ವಯಸ್ಸು. ಎದೆನೋವು ಅಂದ, ಹೋದ. ಅವನನ್ನು ನೆನೆದರೆ ಮೊದಲು ಬರುವುದು ನಂಬರು. ಕಂಪನಿಯ ವೆಬ್ ಪೇಜಿನಲ್ಲಿ ರಜೆಯೋ ವ್ಯಾನೋ ಕೇಳಿ ಗುಂಡಿ ಒತ್ತಿದರೆ ಕೆಳಗೆ ಉದ್ದದ ನಂಬರು ಬರುತ್ತದಲ್ಲ, ಅದು ಅವನು ತಂದದ್ದು. ಲಾಗ್ ಅಂದರೆ ಕಂಪ್ಯೂಟರ್ ತಾನು ಮಾಡಿದ್ದನ್ನೆಲ್ಲ ಗಂಟೆ, ನಿಮಿಷದ ಸಮೇತ ಬರೆದಿಡುವ ದಿನಚರಿ. ನಮ್ಮ ಕೋರಿಕೆ ಎಷ್ಟು ಕಂಪ್ಯೂಟರ್ ದಾಟಿದರೂ ಎಲ್ಲ ಲಾಗ್‌ನಲ್ಲೂ ಅದೇ ನಂಬರು. ಎಲ್ಲಿ ನಿಂತಿತೆಂದು ಹುಡುಕಬಹುದು. ಯಾರು ದೂರು ತಂದರೂ ಅವನದು ಒಂದೇ ಮಾತು: "ಕಥೆ ಬೇಡ ಗುರು, ನಂಬರ್ ಹೇಳು." ದೋಸೆ ತಡವಾದರೆ ಕ್ಯಾಂಟೀನಿನ ಕೃಷ್ಣಪ್ಪ ಕೂಗುತ್ತಿದ್ದ — "ಮುರಳಿ ಸಾರ್, ನಿಮ್ ದೋಸೆ ನಂಬರ್ ಹೇಳಿ, ಎಲ್ಲಿ ನಿಂತೈತೆ ನೋಡ್ತೀನಿ!"

ನಗಿ, ಪರವಾಗಿಲ್ಲ. ಆದರೆ ಆ ನಂಬರು ಬಂದದ್ದು 2012ರಲ್ಲಿ — ನನ್ನ ಹೆಂಡತಿ ಕೃಷ್ಣಮ್ಮ ಹೋದ ಮೇಲೆ.

ಅವಳಿಗೆ ಉಸಿರು ಕಟ್ಟುತ್ತಿದೆ ಅಂತ ಫೋನ್ ಬಂತು. ಆಸ್ಪತ್ರೆಗೆ ಒಯ್ಯಲು ಸ್ಟೋರ್ಸಿನ ಕಂಪ್ಯೂಟರಿನಲ್ಲಿ ಕಂಪನಿಯ ವ್ಯಾನ್ ಕೇಳಿ ಹೆಬ್ಬಗೋಡಿಯ ಮನೆಗೆ ಓಡಿದೆ. ಬಾಗಿಲಲ್ಲಿ ಕೂತೆವು. ಹತ್ತು ನಿಮಿಷ — ಇಪ್ಪತ್ತು — ಅರ್ಧ ಗಂಟೆ. ಕಾರ್ಖಾನೆಯ ಗೇಟಿಗೆ ಫೋನ್ ಮಾಡಿದರೆ ಎಂಗೇಜ್. ಅವಳು ಕೇಳಿದಳು, "ಸರಿಯಾಗಿ ಒತ್ತಿದ್ರಾ?"

"ಹೂಂ ಕಣೇ, ಒತ್ತಿದ್ದೀನಿ. ಬರ್ತದೆ ಇರು."

ವ್ಯಾನ್ ಬರಲಿಲ್ಲ. ಆಟೊ ಹಿಡಿದು ಹೊಸೂರು ರಸ್ತೆ ಸೇರುವಷ್ಟರಲ್ಲಿ — ಇರಲಿ.

ಆಮೇಲೆ ವ್ಯಾನಿನವರು, ನಿಮ್ಮ ಕೋರಿಕೆಯೇ ಬಂದಿಲ್ಲ ಅಂದರು. ಒತ್ತಿದ್ದೆನಾ? ಗಾಬರಿಯಲ್ಲಿ ಹಾಗೇ ಎದ್ದು ಬಂದೆನಾ? ಊಟಕ್ಕೆ ಕೂತರೆ ಅದೇ, ಸ್ನಾನಕ್ಕೆ ನಿಂತರೆ ಅದೇ. ಈ ಬೆರಳನ್ನೇ — ಇದನ್ನೇ — ನೋಡುತ್ತಾ ಕೂರುತ್ತಿದ್ದೆ.

ಮುರಳಿ ಒಂದು ವಾರ ಲಾಗ್ ಕೆದಕಿದ. ಶಿಫ್ಟ್ ಬಿಡುವ ಹೊತ್ತು, ನೂರಾರು ಜನರ ಕೋರಿಕೆಯ ಸಾಲುಗಳು ಅದರಲ್ಲಿ ಕಲಸಿಹೋಗಿದ್ದವಂತೆ. ಮನೆಗೆ ಬಂದು ಕೈ ಹಿಡಿದು ಹೇಳಿದ: "ಸೊಣ್ಣಪ್ಪಣ್ಣ, ನಾಲ್ಕು ಹತ್ತಕ್ಕೆ ಒತ್ತಿದ್ದೀರಿ. ಲಾಗ್‌ನಲ್ಲೈತೆ. ಮಧ್ಯದಲ್ಲಿ ನಮ್ಮ ಕಂಪ್ಯೂಟರ್ ಕಳ್ಕೊಂಡಿದೆ. ತಪ್ಪು ನಮ್ದು, ನಿಮ್ದಲ್ಲ." ಅವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ. ಐದು ವರ್ಷ ಆ ಮಾತಿನ ಮೇಲೆಯೇ ಬದುಕಿದೆ.

ನಿನ್ನೆ ಲಾವಣ್ಯ ಮುರಳಿಯ ಈ ನೋಟ್‌ಬುಕ್ ಕೊಟ್ಟರು, ನಿಮ್ಮ ಹೆಸರಿದೆ ಅಂತ. ಓದುತ್ತೇನೆ: "4.10ಕ್ಕೆ ಒಂದು ವ್ಯಾನ್ ಕೋರಿಕೆ ಬಂದು ಕಳೆದುಹೋಗಿದೆ. ಸೊಣ್ಣಪ್ಪಣ್ಣನದೋ ಬೇರೆಯವರದೋ, ಹೇಳಲು ಆಧಾರವಿಲ್ಲ. ಇನ್ನು ಪ್ರತಿ ಕೋರಿಕೆಗೂ ನಂಬರ್ ಹಾಕಬೇಕು."

ಆಧಾರವಿಲ್ಲದೆ ಒಂದು ಮಾತೂ ಆಡದ ಮನುಷ್ಯ ಕಣ್ರೀ. ಒಂದೇ ಸಲ ಆಡಿದ — ನನಗೋಸ್ಕರ. ಬೆನಿಫಿಟ್ ಆಫ್ ದಿ ಡೌಟ್ ಅಂತ ಕಾಲೇಜಿನಲ್ಲಿ ಓದಿದ್ದೆ, ಅನುಮಾನವಿದ್ದರೆ ಮನುಷ್ಯನ ಪರ ನಿಲ್ಲುವುದು ಅಂತೇನೋ, ಅರ್ಥ ಪೂರ್ತಿ ನೆನಪಿಲ್ಲ. ಇದೇ ಇರಬೇಕು.

ಈಗ ಮತ್ತೆ ನನಗೆ ಗೊತ್ತಿಲ್ಲ, ಒತ್ತಿದ್ದೆನೋ ಇಲ್ಲವೋ. ಕೇಳೋಣವೆಂದರೆ ಅವನೂ ಇಲ್ಲ. ಕೆಳಗೆ ಇನ್ನೊಂದು ಸಾಲಿದೆ. ತನ್ನ ಸುಳ್ಳನ್ನೂ ಗಂಟೆ ಸಮೇತ ಬರೆದಿಟ್ಟಿದ್ದಾನೆ, ನೋಡಿ: "ಸಂಜೆ 6.20. ಸೊಣ್ಣಪ್ಪಣ್ಣನಿಗೆ, ನೀವು ಒತ್ತಿದ್ದೀರಿ ಅಂತ ಹೇಳಿ ಬಂದೆ. ಉಂಡರು."

ಆಮೇಲಿನದು — ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಸಾಕು. ಎಲ್ಲರೂ ಎದ್ದು ನಿಲ್ಲಿ, ಒಂದು ನಿಮಿಷ. ಯಾರೂ ಅವನನ್ನು ಏನೂ ಕೇಳುವುದು ಬೇಡ. ಒತ್ತಿದ್ದೆನಾ ಅಂತ ನಾನೂ ಕೇಳುವುದಿಲ್ಲ.