ದಾರ ಕಟ್ಟಿದ ಹತ್ತಿ

...ಹಂಗಂತ ನಮ್ಮತ್ತಿ ದೊಡ್ಡ ಭಕ್ತಳೇನಲ್ಲ ಮತ್ತ, ಚರ್ಚಿನ್ಯಾಗ ಪ್ರಸಂಗ ಶುರು ಆತಂದ್ರ ತೂಕಡಸಾಕಿ! ನಿಮಗ ಆಕಿ ಮುತ್ತಜ್ಜಿ ಆಗಬೇಕು. ಆಗ ನಾವು ಹಂಸಭಾವಿ ಹತ್ರ ಇದ್ವಿ, ಒಂದು ಕಂಪನಿಗೆ ಹತ್ತಿ ಬೀಜದ ಕ್ರಾಸಿಂಗ್ ಮಾಡಿಕೊಡ್ತಿದ್ವಿ. ಕ್ರಾಸಿಂಗ್ ಅಂದ್ರ ಏನಂತೀರಿ? ಸಂಜಿಮುಂದ ಮೊಗ್ಗಿ ಬಿಡಿಸಿ ಒಳಗಿನ ಗಂಡು ಭಾಗ ತಗೀಬೇಕು, ಮುಂಜಾನೆ ಬ್ಯಾರೆ ಜಾತಿ ಹೂವಿನ ಪುಡಿ ಸವರಿ ತೊಟ್ಟಿಗೆ ದಾರ ಕಟ್ಟಬೇಕು. ದಾರ ಇದ್ದ ಕಾಯಿ ಅಷ್ಟ ಬೀಜಕ್ಕ ಹೋಗೂದು, ಅದಕ್ಕ ಬರೇ ಹತ್ತಿಗಿಂತ ಭಾಳ ರೊಕ್ಕ, ತಿಳೀತಿಲ್ಲೋ? ನಡ ಹಿಡದು ಬಿಡ್ತಿತ್ತು, ಅದಿರ್ಲಿ. ಆ ವರ್ಷ ಮಳಿ ಬಿಡದ ಹಿಡೀತು, ಗಂಡು ಹೂವು ಕೊಳತು ಉದುರಿದ್ವು. ನಿಮ್ಮಜ್ಜ ಏನ ಮಾಡಿದ ಗೊತ್ತೈತೇನು? ಕ್ರಾಸಿಂಗ್ ಮಾಡದ ಹೂವಿಗೂ ದಾರ ಕಟ್ಟಿಬಿಟ್ಟ! ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹತ್ತಿ ಬಿಡಿಸಿ ತಂದು ಎಲ್ಲಾ ಒಂದ ರಾಶಿ ಹಾಕಿದ್ವಿ. ಖರೇದೂ ಅದರಾಗ, ಖೊಟ್ಟೀನೂ ಅದರಾಗ.

ದೀಪ ಹಚ್ಚೂ ಹೊತ್ತಿಗೆ ಪ್ರಾರ್ಥನಿಗೆ ಕುಂತ್ವಿ. ಆಗೆಲ್ಲಾ ದಿನಾ ಕುಂದರತಿದ್ವಿ, ನಿಮ್ಮಂಗ ಮೊಬೈಲ್ ತಿಕ್ಕೋತ ಅಲ್ಲ. ಅತ್ತಿ ರಾಶಿ ನೋಡಿ, "ಕರ್ತನ, ವರ್ಷದ ಜ್ವಾಳಕ್ಕ ಆಗೂವಷ್ಟು ಕೊಟ್ಟಿ, ನಿನಗ ಸ್ತೋತ್ರ" ಅಂದ್ಲು. ನಿಮ್ಮಜ್ಜ ಬಿಕ್ಕಿ ಬಿಕ್ಕಿ ಅಳಾಕತ್ತಿದ, ಎಲ್ಲಾ ಹೇಳಿಬಿಟ್ಟ. "ಯವ್ವಾ, ನಾಳೆ ಕಂಪನಿ ಸಾಹೇಬ್ರು ಬರ್ತಾರ. ನಾವೇನೂ ಸುಳ್ಳ ಹೇಳೂದು ಬ್ಯಾಡ, ಸುಮ್ನಿದ್ರ ಸಾಕು" ಅಂದ. ಅತ್ತಿ ಬೈತಾಳ ಅಂತ ಕಾದೆ. ಬೈಲಿಲ್ಲವಾ! ಮಗನ ತಲಿ ಮ್ಯಾಲ ಕೈ ಇಟ್ಲು. "ನಾವು ಸುಮ್ನಿದ್ರೇನಾತೋ ತಮ್ಮಾ, ದಾರ ಸುಳ್ಳ ಹೇಳಾಕತ್ತೇತಲ್ಲ. ಎಲ್ಲೋ ಒಬ್ಬಾಕಿ ಈ ಬೀಜ ನಂಬಿ ಬಿತ್ತತಾಳ, ಆಕಿ ಮಕ್ಕಳು ಏನ ಉಣಬೇಕು? ಯೇಸುಸ್ವಾಮಿ ತಾನ ಸತ್ಯ ಅಂದಾನ. ಸತ್ಯಾ ಬಿಟ್ರ ಆತನ್ನ ಬಿಟ್ಟಂಗ. ಆತನ್ನ ಹೊರಗ ನಿಂದರಿಸಿ ಒಳಗ ನಾವು ಉಣ್ಣೂದು ಹೆಂಗೋ?" ಅಲ್ಲೀತನಾ ನನಗ ಸತ್ಯ ಅಂದ್ರ ಒಂದು ಮಾತು ಅಷ್ಟ, ಇಕಿಗೆ ಅದು ಬಾಗಲಾಗ ಬಂದು ನಿಂತ ಮನಶ್ಯಾ!

ಮರುದಿನ ಸಾಹೇಬ್ರು ಗಾಡಿ ತಗೊಂಡು ಬಂದ್ರು, ಹಾನಗಲ್ಲಿಂದ, ಅಲ್ಲಲ್ಲ, ಹಿರೇಕೆರೂರಿಂದ. "ಈ ರಾಶಿ ಬೀಜಕ್ಕ ಬ್ಯಾಡ್ರೀ ಸಾಹೇಬ್ರ, ಕ್ರಾಸಿಂಗ್ ಆಗದ್ದೂ ಇದರಾಗ ಕೂಡೇತಿ" ಅಂದ್ಲು ಅತ್ತಿ. ಆತಗ ನಗಿ ಬಂತು. "ಸ್ವಲ್ಪ ಕೂಡಿದ್ರ ಪರೀಕ್ಷಾದಾಗ ಪಾಸ್ ಆಗತೈತಿ ಬಿಡ್ರೀ ಯವ್ವಾ." "ಯಾವ ಕಾಳು ಎಂಥಾದ್ದು ಅಂತ ನನಗ ಗೊತ್ತಿಲ್ರಿ. ಗೊತ್ತಿಲ್ದ ಹೌದು ಅನ್ನಾಕ ಬರೂದಿಲ್ರಿ." ಆತನ ನಗಿ ನಿಂತು ಹೋತು. ಹರಕ ಸೀರಿ ಉಟಗೊಂಡು ನಿಂತ ಆ ಮುದುಕಿನ್ನ ನೋಡಿ ನನಗ ಮೈ ಜುಮ್ಮಂತು, ದಿನಾ ಉಪ್ಪಿನಕಾಯಿ ಸಲುವಾಗಿ ನನ್ನ ಜೋಡಿ ಜಗಳಾಡಾಕಿ ಇಕಿನಾ ಅಂತ! ಗಾಡಿ ಖಾಲಿ ಹೋತು.

ರಾಶಿ ಬರೇ ಹತ್ತಿ ಅಂತ ಮಾರಿದ್ವಿ. ಆ ವರ್ಷ ನುಚ್ಚಿನ ಗಂಜಿನ ಗತಿ. ಹಸದಾಗ ಅತ್ತಿಗೆ ಒಳಗೊಳಗ ಬೈದೇನಿ, ಯಾಕ ಮುಚ್ಚಿಡ್ಲಿ? ಆದ್ರ ನಿಮ್ಮಜ್ಜ ಗಾಡಿ ಖಾಲಿ ಹೋದ ದಿನ ಸಂಜಿಗೆ ಪ್ರಾರ್ಥನಿಗೆ ಮಾರಿ ಎತ್ತಿ ಕುಂತ, ಹಾಡೂ ಹಾಡಿದ. ಅದಕ್ಕ ಅಂತೇನಿ, ಬಾಯಿ ಮುಚಗೊಂಡು ಕೈಲೆ ಸುಳ್ಳ ಹೇಳಬ್ಯಾಡ್ರಿ. ಏಳ್ರಿನ್ನ, ರೊಟ್ಟಿ ಆರಾಕತ್ತಾವು.